ಪಾಟಿ ಒಲ್ಲೆನೆನ್ನುವ ಮಗು: ಮುಂಬೈ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಹಾರಾಷ್ಟ್ರದಲ್ಲಿ ಶಾಲೆಗಳು ಜೂನ್‌ನಲ್ಲಿ ತೆರೆಯುತ್ತವೆ. ಹಾಗಾಗಿ ಏಪ್ರಿಲ್ ಮುಗಿಯುತ್ತಾ ಬಂದಂತೆ ಡೊಂಬಿವಲಿ, ಮುಲುಂಡ್, ಭಾಂಡುಪ್, ವಸಾಯಿ ಕಡೆಯ ನಮ್ಮವರ ಮನೆಗಳಲ್ಲಿ ಒಂದೇ ಚಿಂತೆ. ಎರಡೂವರೆ ವರ್ಷದ ಮಗುವಿಗೆ ಪ್ಲೇಸ್ಕೂಲಿನಲ್ಲಿ ಜಾಗ ಸಿಕ್ಕಿದೆ, ಡೈಪರ್ ಬಿಡಿಸಿಯೇ ಕಳುಹಿಸಿ ಎಂದು ಅಲ್ಲಿ ಹೇಳಿದ್ದಾರೆ, ಮಗು ಮಾತ್ರ ಪಾಟಿಯ (ಮಕ್ಕಳು ಸುಸ್ಸು, ಕಕ್ಕಕ್ಕೆ ಕೂರುವ ಪುಟ್ಟ ಪೀಠ) ಹತ್ತಿರವೂ ಸುಳಿಯುವುದಿಲ್ಲ. ಕೂರಿಸಿದರೆ ಬೆನ್ನು ಸೆಟೆಸಿ ಅಳುತ್ತದೆ. ಎಬ್ಬಿಸಿದ ಎರಡೇ ನಿಮಿಷಕ್ಕೆ ಹಾಲ್‌ನ ನಡುವೆ ನಿಂತು ಸುಸ್ಸು ಮಾಡುತ್ತದೆ.

ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಚಿಕ್ಕದೊಂದು ಪಾಳಣಾಘರ್ ಅನ್ನು ಡೊಂಬಿವಲಿಯಲ್ಲಿ ನಡೆಸುತ್ತಿದ್ದೇನೆ. ತಾಯಂದಿರು ಬಾಗಿಲಲ್ಲಿ ನಿಂತು ಹೇಳುವ ಮಾತು ಬಹುತೇಕ ಒಂದೇ: “ತುಂಬಾ ಹಟ ಮಾಡುತ್ತದೆ.” ನಾನು ನೋಡಿದ ಮಟ್ಟಿಗೆ, ಹಟ ಎಂದು ಕಾಣುವುದರ ಹಿಂದೆ ಮೂರರಲ್ಲಿ ಒಂದು ಇದ್ದೇ ಇರುತ್ತದೆ: ನೋವು, ಹೆದರಿಕೆ, ಅಥವಾ ದೊಡ್ಡವರೊಂದಿಗೆ ಬೆಳೆದುಬಂದ ಜಗ್ಗಾಟ. ಯಾವುದೆಂದು ತಿಳಿಯದೆ ಕೂರಿಸುತ್ತಾ ಹೋದರೆ ಮೂರೂ ಹೆಚ್ಚುತ್ತವೆ. ಆದ್ದರಿಂದ ಪಾಟಿ ತರುವ ಮೊದಲು ಮಾಡಬೇಕಾದ ಕೆಲಸವೇ ಇಲ್ಲಿ ಹೆಚ್ಚು ಜಾಗ ತೆಗೆದುಕೊಂಡಿದೆ.

ಮಗು ಸಿದ್ಧವಾಗಿದೆಯೇ?

ವಯಸ್ಸಿಗಿಂತ ಲಕ್ಷಣಗಳನ್ನು ನೋಡಿ. ಹದಿನೆಂಟು ತಿಂಗಳು ದಾಟಿದ ಮೇಲೆ ಇವು ಒಂದೊಂದಾಗಿ ಕಾಣತೊಡಗುತ್ತವೆ. ಹಗಲಿನಲ್ಲಿ ಡೈಪರ್ ಎರಡು ಗಂಟೆಯಾದರೂ ಒಣಗಿರುವುದು, ಚಡ್ಡಿ ಕೆಳಗೆ ಎಳೆದುಕೊಳ್ಳಲು ಬರುವುದು, “ಚಪ್ಪಲಿ ತಗೊಂಡು ಬಾ” ಎಂದರೆ ಅರ್ಥವಾಗಿ ತರುವುದು, ಒದ್ದೆಯಾದದ್ದನ್ನು ಬಂದು ಹೇಳುವುದು. ಕಕ್ಕ ಬಂದಾಗ ಪರದೆಯ ಹಿಂದೆಯೋ ಮಂಚದ ಮೂಲೆಗೋ ಹೋಗಿ ಅಡಗುವುದೂ ಒಳ್ಳೆಯ ಲಕ್ಷಣವೇ. ಬರುವುದು ಅದಕ್ಕೆ ಮೊದಲೇ ಗೊತ್ತಾಗುತ್ತಿದೆ ಎಂದರ್ಥ. ಬಹುಪಾಲು ಮಕ್ಕಳು ಎರಡರಿಂದ ಮೂರೂವರೆ ವರ್ಷದ ನಡುವೆ ಹಗಲಿನ ಡೈಪರ್ ಬಿಡುತ್ತವೆ. ಗಂಡುಮಕ್ಕಳು ಕೆಲವು ತಿಂಗಳು ಹಿಂದೆ ಉಳಿಯುವುದು ಸಾಮಾನ್ಯ.

ಊರಿನಿಂದ ಬಂದ ಅಜ್ಜಿ “ನಿಮ್ಮನ್ನೆಲ್ಲ ವರ್ಷ ತುಂಬುವುದರೊಳಗೆ ಅಭ್ಯಾಸ ಮಾಡಿಸಿದ್ದೆವು” ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಕಾಲು ಚಾಚಿ ಕುಳಿತು, ಎರಡು ಪಾದಗಳ ನಡುವೆ ಕೂಸನ್ನು ಕೂರಿಸಿ, ಬಾಯಲ್ಲಿ ‘ಸ್ಸ್ಸ್’ ಎಂದು ಸದ್ದು ಮಾಡಿದರೆ ಕೂಸು ಸುಸ್ಸು ಮಾಡುತ್ತಿತ್ತು. ಅಲ್ಲಿ ಹೊತ್ತು ಗುರುತಿಸುತ್ತಿದ್ದುದು ದೊಡ್ಡವರು. ಹಗಲೆಲ್ಲ ಜೊತೆಗೆ ಒಬ್ಬರು ಇರುತ್ತಿದ್ದರು, ಬಟ್ಟೆಯ ಲಂಗೋಟಿ ಒದ್ದೆಯಾದದ್ದು ಕೂಸಿಗೆ ತಕ್ಷಣ ತಿಳಿಯುತ್ತಿತ್ತು. ಹುಟ್ಟಿದಂದಿನಿಂದ ಡೈಪರ್‌ನಲ್ಲೇ ಇದ್ದ, ಈಗ ಸ್ವಂತ ಮನಸ್ಸು ಬಂದಿರುವ ಎರಡೂವರೆ ವರ್ಷದ ಮಗುವಿಗೆ ಅದೇ ವಿಧಾನ ನೇರವಾಗಿ ಒಗ್ಗುವುದಿಲ್ಲ. ಆದರೆ ಅಜ್ಜಿಯ ಒಂದು ಕಲೆ ಇಂದಿಗೂ ಬೇಕು. ಮುಖ ನೋಡಿ ಹೊತ್ತು ಹೇಳಬಲ್ಲವರು ಅವರು. ಒಂದು ವಾರ ಮಗುವಿಗೆ ಯಾವಾಗ ಸುಸ್ಸು, ಯಾವಾಗ ಕಕ್ಕ ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಕೆಲಸವನ್ನು ಅವರಿಗೇ ವಹಿಸಿ.

ಹೊಟ್ಟೆಯಿಂದ ಶುರು ಮಾಡಿ

ಇದು ಎಲ್ಲಕ್ಕಿಂತ ಮುಖ್ಯ, ಬಹಳ ಮನೆಗಳಲ್ಲಿ ಬಿಟ್ಟುಹೋಗುವುದೂ ಇದೇ. ಪಾಟಿ ಒಲ್ಲೆನೆನ್ನುವ ಮಗುವಿನ ಮಲವನ್ನು ನೋಡಿ. ಆಡಿನ ಹಿಕ್ಕೆಯಂತೆ ಗಟ್ಟಿ ಉಂಡೆಗಳಾಗಿದ್ದರೆ, ಅಥವಾ ಗಂಟುಗಂಟಾದ ದಪ್ಪ ತುಂಡಾಗಿದ್ದರೆ ಅದು ಮಲಬದ್ಧತೆ, ಪ್ರತಿದಿನ ಹೋಗುತ್ತಿದ್ದರೂ ಸಹ. ವೈದ್ಯರು ಬಳಸುವ ಬ್ರಿಸ್ಟಲ್ ಪಟ್ಟಿಯಲ್ಲಿ ಮಲದ ಏಳು ಬಗೆಗಳಿವೆ. ಮೊದಲ ಎರಡು ಈ ಗಟ್ಟಿ ಬಗೆಗಳು. ಬಾಳೆಹಣ್ಣಿನಷ್ಟು ಮೆತ್ತಗೆ, ನುಣುಪಾಗಿ, ತಿಣುಕದೆ ಬರುವ ನಾಲ್ಕನೆಯ ಬಗೆ ನಮ್ಮ ಗುರಿ.

ಒಂದು ಸಲ ಗಟ್ಟಿ ಮಲ ಹೋಗುವಾಗ ಗುದದ್ವಾರದಲ್ಲಿ ಸಣ್ಣ ಬಿರುಕಾಗುತ್ತದೆ, ಉರಿಯುತ್ತದೆ. ಮಗು ಅದನ್ನು ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ತಡೆದು ಹಿಡಿಯುತ್ತದೆ. ಹಿಡಿದಷ್ಟೂ ಕರುಳು ನೀರು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮತ್ತೆ ನೋವು. ತಿಂಗಳುಗಟ್ಟಲೆ ಹೀಗೆ ನಡೆದರೆ ಕರುಳಿನ ಕೊನೆಯ ಭಾಗ ಹಿಗ್ಗಿ, ತುಂಬಿದ್ದೇ ಮಗುವಿಗೆ ತಿಳಿಯದಂತಾಗುತ್ತದೆ. ಗಟ್ಟಿ ಮಲದ ಬದಿಯಿಂದ ತೆಳ್ಳಗಿನದು ಸೋರಿ ಚಡ್ಡಿಗೆ ಹತ್ತುತ್ತದೆ. ತಂದೆ ತಾಯಿ ಅದನ್ನು ಭೇದಿ ಎಂದುಕೊಳ್ಳುತ್ತಾರೆ, ಇಲ್ಲವೇ ಬೇಕೆಂದೇ ಮಾಡುತ್ತದೆ ಎಂದು ಬೈಯುತ್ತಾರೆ. ತುಂಬಿದ ಕರುಳು ಮೂತ್ರಕೋಶವನ್ನೂ ಒತ್ತುವುದರಿಂದ ಸುಸ್ಸು ಮೇಲಿಂದ ಮೇಲೆ ಜಾರುವುದುಂಟು.

ತಡೆದು ಹಿಡಿಯುವುದು ಹೇಗಿರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಕಬ್ಬಿಣದ ಕಪಾಟಿಗೂ ಕಿಟಕಿಗೂ ನಡುವಿನ ಸಂದಿಯಲ್ಲಿ ಹೋಗಿ ನಿಲ್ಲುತ್ತಿದ್ದ. ತುದಿಗಾಲು, ಒಂದರ ಮೇಲೊಂದು ಹೆಣೆದ ಕಣಕಾಲು, ಪರದೆಯ ಅಂಚನ್ನು ಬಿಗಿಯಾಗಿ ಹಿಡಿದ ಎಡಗೈ. ಮೇಲ್ತುಟಿಯ ಮೇಲೆ ಬೆವರು, ಮುಖ ಕೆಂಪು, “ಬೇಡ, ಬೇಡ” ಎಂದು ತನಗೆ ತಾನೇ ಹೇಳಿಕೊಳ್ಳುವ ಸಣ್ಣ ದನಿ. ಪಾಪ, ತಿಣುಕುತ್ತಿದ್ದಾನೆ ಎಂದು ಅವನ ಮನೆಯವರು ತಿಳಿದಿದ್ದರು. ಅವನು ಹೊರಗೆ ತಳ್ಳುತ್ತಿರಲಿಲ್ಲ, ಒಳಗೆ ಹಿಡಿಯುತ್ತಿದ್ದ. ಇಂಥ ಮಗುವನ್ನು ಎತ್ತಿಕೊಂಡು ಹೋಗಿ ಪಾಟಿಯ ಮೇಲೆ ಕೂರಿಸುವುದರಿಂದ ನೋವಿಗೂ ಪಾಟಿಗೂ ನಂಟು ಬೆಸೆದಂತಾಗುತ್ತದೆ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮೊದಲು ಹಾಲಿನ ಲೆಕ್ಕ. ಈ ವಯಸ್ಸಿನ ಮಗುವಿಗೆ ದಿನಕ್ಕೆ 400ರಿಂದ 500 ಮಿಲಿಲೀಟರ್ ಹಾಲು ಸಾಕು. ಊಟ ಸರಿಯಾಗಿ ಮಾಡಲಿಲ್ಲವೆಂದು ಬಾಟಲಿಯಲ್ಲಿ ಮತ್ತೆ ಮತ್ತೆ ಹಾಲು ಕೊಡುವ ಮನೆಗಳಲ್ಲಿ ಮಲಬದ್ಧತೆ ಹೆಚ್ಚು ಕಾಣುತ್ತದೆ. ಹಾಲಿನಿಂದ ಹೊಟ್ಟೆ ತುಂಬಿದ ಮಗು ಅನ್ನ, ತರಕಾರಿ ಮುಟ್ಟುವುದಿಲ್ಲ, ರಕ್ತಹೀನತೆಯೂ ಜೊತೆಗೆ ಬರುತ್ತದೆ. ಎರಡನೆಯದು ಬಿಸ್ಕತ್ತು, ಪಾವ್, ಖಾರಿ, ಟೋಸ್ಟು. ಸಂಜೆ ಹಸಿವಾದಾಗ ಕೈಗೆ ಸುಲಭವಾಗಿ ಸಿಗುವುದು ಇವೇ, ಎಲ್ಲವೂ ಮೈದಾ. ಬದಲಿಗೆ ಚೆನ್ನಾಗಿ ಮಾಗಿದ ಪಪ್ಪಾಯಿ, ಪೇರಳೆ, ಸಿಹಿಗುಂಬಳದ ಪಲ್ಯ, ಬಸಳೆ, ಹರಿವೆ, ಸಿಪ್ಪೆ ಇರುವ ಹೆಸರುಕಾಳಿನ ದೋಸೆ, ರಾತ್ರಿ ನೆನೆಸಿ ಬೆಳಗ್ಗೆ ಕಿವುಚಿದ ಒಣದ್ರಾಕ್ಷಿ. ಮಗುವಿನ ವಯಸ್ಸಿಗೆ ಐದು ಕೂಡಿಸಿದಷ್ಟು ಗ್ರಾಂ ನಾರು ದಿನಕ್ಕೆ ಬೇಕೆಂಬುದು ವೈದ್ಯರು ಹೇಳುವ ಸುಲಭ ಲೆಕ್ಕ. ಎರಡು ವರ್ಷಕ್ಕೆ ಏಳು ಗ್ರಾಂ, ಮೂರಕ್ಕೆ ಎಂಟು. ನೀರಂತೂ ಮುಂಬೈ ಬೆವರಿಗೆ ಬೇಕೇ ಬೇಕು. ಒಟ್ಟಿಗೆ ಒಂದು ಲೋಟ ಕುಡಿಸಲು ಹೋಗದೆ ಆಟದ ನಡುವೆ ಎರಡೆರಡು ಗುಟುಕು ಕೊಡಿ.

ಇಷ್ಟಕ್ಕೆ ಒಂದೆರಡು ವಾರದಲ್ಲಿ ಮಲ ಮೆತ್ತಗಾಗದಿದ್ದರೆ ಮಕ್ಕಳ ವೈದ್ಯರನ್ನು ಕಾಣಿ. ಮಗು ತಡೆದು ಹಿಡಿಯುತ್ತಿದ್ದರೆ ಒಂದೆರಡು ವಾರವೂ ಕಾಯಬೇಡಿ. ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನಂಥ ಮಲ ಮೆತ್ತಗೆ ಮಾಡುವ ಔಷಧವನ್ನು ಅವರು ತೂಕ ನೋಡಿ ಕೊಡುತ್ತಾರೆ. ಚಟವಾಗುತ್ತದೆಂದು ಹೆದರಿ ನಾಲ್ಕು ದಿನಕ್ಕೆ ನಿಲ್ಲಿಸುವವರು ಬಹಳ. ಹಿಗ್ಗಿದ ಕರುಳು ಮೊದಲಿನಂತಾಗಲು ತಿಂಗಳುಗಳು ಬೇಕು. ವೈದ್ಯರು ಹೇಳುವವರೆಗೆ ನಿಲ್ಲಿಸಲೇಬೇಡಿ.

ಇನ್ನೊಂದು ಮಾತನ್ನು ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ. ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುವುದು, ಸೋಪಿನ ಚೂರು ಇಡುವುದು ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಅಲ್ಲಿ ನೋವಾಗುತ್ತದೆಂದೇ ಹೆದರಿರುವ ಮಗುವಿಗೆ ಅದೇ ಜಾಗದಲ್ಲಿ ಏನನ್ನಾದರೂ ತುರುಕಿದರೆ ಹೆದರಿಕೆ ಹತ್ತುಪಟ್ಟಾಗುತ್ತದೆ. ಸೋಪು ಒಳಗಿನ ತೆಳುಪೊರೆಯನ್ನು ಸುಡುತ್ತದೆ. ದಯವಿಟ್ಟು ಬೇಡ. ಹರಳೆಣ್ಣೆ ಕುಡಿಸುವುದೂ ಬೇಡ.

ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ

ಒಂದು ಕೋಣೆ, ಹಾಲ್, ಅಡುಗೆಮನೆ ಇರುವ ಫ್ಲ್ಯಾಟಿನಲ್ಲಿ ಮಗುವಿನ ಪಾಟಿ ಯಾರಿಗೂ ಕಾಣದಂತೆ ನಡೆಯುವ ಕೆಲಸವಲ್ಲ. ಅಮ್ಮ ಸಮಾಧಾನ ಮಾಡುತ್ತಾಳೆ, ಅಪ್ಪ ಚಾಕೊಲೇಟ್ ತೋರಿಸುತ್ತಾರೆ, ಅಜ್ಜಿ ಗದರುತ್ತಾರೆ, ಚಿಕ್ಕಪ್ಪ “ಛೀ, ಇಷ್ಟು ದೊಡ್ಡವಳಾಗಿ!” ಎಂದು ನಗುತ್ತಾನೆ. ಇವೆಲ್ಲ ಒಂದೇ ಸಲ ಮೇಲೆ ಬಿದ್ದರೆ ಮಗು ಮೂಲೆ ಹಿಡಿಯದೆ ಇನ್ನೇನು ಮಾಡೀತು?

ಶುರು ಮಾಡುವ ಮೊದಲು ದೊಡ್ಡವರಷ್ಟೇ ಕುಳಿತು ನಾಲ್ಕು ಮಾತು ಗಟ್ಟಿ ಮಾಡಿಕೊಳ್ಳಿ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಪಕ್ಕದ ಮನೆಯ ಮಗುವಿಗೆ ಹೋಲಿಸುವುದಿಲ್ಲ. ಮಗುವಿನ ಎದುರಿನಲ್ಲಿ ಇದರ ಸುದ್ದಿ ಮಾತನಾಡುವುದಿಲ್ಲ, ಊರಿನ ಅಜ್ಜಿಗೆ ಫೋನಿನಲ್ಲಿ ಹೇಳುವುದೂ ಸೇರಿ. ಪಾಟಿಯ ಮೇಲೆ ಕುಳಿತ ಮಗುವನ್ನು ವಿಡಿಯೋ ಕರೆಯಲ್ಲಿ ಯಾರಿಗೂ ತೋರಿಸುವುದಿಲ್ಲ. ಪ್ರೀತಿಯಿಂದಲೇ ತೋರಿಸುತ್ತಾರೆ, ಗೊತ್ತು. ಆದರೆ ಅದು ಮಗುವಿನ ಮಾನ.

ಮನೆಯಲ್ಲಿ ಕನ್ನಡ ಅಥವಾ ತುಳು, ನೋಡಿಕೊಳ್ಳುವ ಹೆಂಗಸು ಮಾತನಾಡುವುದು ಮರಾಠಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. ಸುಸ್ಸು, ಕಕ್ಕಕ್ಕೆ ಮಗು ಯಾವ ಮಾತು ಬಳಸುತ್ತದೆ ಎಂದು ಮೂರೂ ಕಡೆ ಹೇಳಿಬಿಡಿ. ಹೇಳಿದ್ದು ಯಾರಿಗೂ ತಿಳಿಯದೆ ಒದ್ದೆ ಮಾಡಿಕೊಂಡ ಮಕ್ಕಳನ್ನು ಎಷ್ಟೋ ಸಲ ಕಂಡಿದ್ದೇನೆ.

ಜಾಗ, ಸಾಮಾನು, ಋತು

ಕೆಳಗಿಟ್ಟು ಕೂರುವ ಪ್ಲಾಸ್ಟಿಕ್ ಪಾಟಿ ಸಾಕು. ಹಾಡು ಹೇಳುವ, ದೀಪ ಮಿನುಗುವ ಪಾಟಿಗಳಿಗೆ ಹಣ ಸುರಿಯಬೇಡಿ. ಕುಳಿತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು. ಆ ಭಂಗಿಯಲ್ಲಿ ಕರುಳಿನ ಕೊನೆಯ ತಿರುವು ನೇರವಾಗಿ ಮಲ ಸಲೀಸಾಗಿ ಜಾರುತ್ತದೆ. ದೊಡ್ಡವರ ಕಮೋಡಿನ ಮೇಲೆ ಮಕ್ಕಳ ಸೀಟು ಹಾಕುವುದಾದರೆ ಕಾಲ ಕೆಳಗೆ ಸ್ಟೂಲನ್ನೋ, ಒಂದರ ಮೇಲೊಂದಿಟ್ಟ ಎರಡು ಮಣೆಗಳನ್ನೋ ಅಲುಗಾಡದಂತೆ ಇಡಿ. ಕಾಲು ನೇತಾಡುವ ಮಗುವಿಗೆ ಬೀಳುವ ಭಯ. ಭಯದಲ್ಲಿ ಬಿಗಿಯಾದ ಸ್ನಾಯು ಸಡಿಲಾಗುವುದಿಲ್ಲ.

ಬೆಳಗ್ಗೆ ಏಳರಿಂದ ಒಂಬತ್ತು, ಲೋಕಲ್ ಹಿಡಿಯುವವರ ಆತುರದಲ್ಲಿ ಇರುವ ಒಂದೇ ಶೌಚಾಲಯಕ್ಕೆ ಸರದಿ. ಮಗುವನ್ನು ಆ ಸರದಿಗೆ ಸೇರಿಸಬೇಡಿ. ಪಾಟಿ ಹಾಲ್‌ನ ಒಂದು ಮೂಲೆಯಲ್ಲೋ ಪ್ಯಾಸೇಜಿನಲ್ಲೋ ಇರಲಿ. ಚಾಳಿನಲ್ಲಿ (ಸಾಲುಕೋಣೆಗಳ ಹಳೆಯ ಕಟ್ಟಡ) ಶೌಚಾಲಯ ಹೊರಗೆ ಸಾಲಾಗಿರುವ ಕಡೆ ಸುಸ್ಸಿಗೆ ಮನೆಯೊಳಗಿನ ಮೋರಿ (ತೊಳೆಯುವ ಜಾಗ), ಕಕ್ಕಕ್ಕೆ ಪಾಟಿ, ಹೀಗೆ ಶುರು ಮಾಡಬಹುದು.

ಋತುವನ್ನೂ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಮನೆಯೆಲ್ಲ ಹಗ್ಗ ಕಟ್ಟಿ ಫ್ಯಾನಿನಡಿ ಒಣಗಿಸಬೇಕು. ಶಾಲೆ ಜೂನ್‌ಗೆ ಎನ್ನುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಆರಂಭಿಸಿ. ಬೇಸಿಗೆಯಲ್ಲಿ ಮಗು ಬರಿಯ ಚಡ್ಡಿಯಲ್ಲಿ ಓಡಾಡಬಹುದು. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಡಜನ್ ತೆಳು ಹತ್ತಿ ಚಡ್ಡಿ, ಹಾಸಿಗೆಗೆ ಎರಡು ರಬ್ಬರ್ ಶೀಟು ತೆಗೆದಿಡಿ. ನಲ್ಲಿ ನೀರು ಇಂತಿಷ್ಟೇ ಹೊತ್ತು ಬರುವ ಕಟ್ಟಡವಾದರೆ ತೊಳೆಯಲು ಒಂದು ಬಕೆಟ್ ನೀರು ಸದಾ ತುಂಬಿರಲಿ. ಹೊಸ ತಮ್ಮನೋ ತಂಗಿಯೋ ಹುಟ್ಟುವ, ಮನೆ ಬದಲಿಸುವ, ಅಮ್ಮ ಮತ್ತೆ ಕೆಲಸಕ್ಕೆ ಸೇರುವ ತಿಂಗಳು ಬೇಡ.

ಮೊದಲ ವಾರ: ಬಟ್ಟೆಯ ಮೇಲೇ ಕೂರಲಿ

ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಜಲ್ಟನ್ 1962ರಲ್ಲಿ ತಮ್ಮ ಬಳಿ ಬಂದ 1170 ಮಕ್ಕಳ ದಾಖಲೆಗಳನ್ನು ಆಧರಿಸಿ, ಮಗುವಿನ ಸಿದ್ಧತೆಯನ್ನು ನೋಡಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಕ್ರಮವನ್ನು ಮುಂದಿಟ್ಟರು. ಅದರ ಮೊದಲ ಮೆಟ್ಟಿಲು ಬಟ್ಟೆ ತೊಟ್ಟೇ ಕೂರುವುದು. ಒಲ್ಲದ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಂಡಿಲ್ಲ.

ಪಾಟಿಯನ್ನು ಮಗುವಿನ ಸೊತ್ತು ಎಂದು ಕೊಡಿ. ಯಾವ ಬಣ್ಣ ಬೇಕೆಂದು ಅಂಗಡಿಯಲ್ಲಿ ಅದೇ ಆರಿಸಲಿ. ಅದರ ಮೇಲೆ ಕುಳಿತು ಚಿತ್ರಪುಸ್ತಕ ನೋಡಲಿ, ಗೊಂಬೆಯನ್ನು ಕೂರಿಸಲಿ. ಡೈಪರ್, ಚಡ್ಡಿ ಎಲ್ಲ ಇದ್ದೇ ಇರಲಿ, ಏನೂ ಆಗಬೇಕಿಲ್ಲ. ಡೈಪರ್‌ನಲ್ಲಿ ಮಾಡಿದ ಕಕ್ಕವನ್ನು ಮಗುವಿನ ಎದುರಿನಲ್ಲೇ ಪಾಟಿಗೆ ಹಾಕಿ, “ಇದು ಇಲ್ಲಿಗೆ ಹೋಗುತ್ತದೆ” ಎನ್ನಿ. ಫ್ಲಶ್ ಸದ್ದಿಗೆ ಬೆಚ್ಚುವ ಮಕ್ಕಳು ಬಹಳ. ತನ್ನ ಮೈಯಿಂದ ಬಂದದ್ದು ಗುಡುಗುಟ್ಟಿ ಮಾಯವಾಗುವುದನ್ನು ನೋಡಿ ಕೆಲವಕ್ಕೆ ದುಃಖವೇ ಆಗುತ್ತದೆ. ಮಗು ಹೊರಗೆ ಹೋದ ಮೇಲೆ ಫ್ಲಶ್ ಮಾಡಿ, ಅಥವಾ ಬಕೆಟ್ ನೀರು ಸುರಿಯಿರಿ. ತೊಳೆಯಲು ಜೆಟ್ ಸ್ಪ್ರೇ ಬೇಡ. ತಣ್ಣೀರಿನ ಆ ರಭಸಕ್ಕೇ ಪಾಟಿ ಬೇಡವೆನ್ನುವವರುಂಟು. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ಸಾಕು.

ಬಟ್ಟೆಯೊಂದಿಗೆ ಅಳದೆ ಕೂರುತ್ತದೆ ಎಂದಾದ ಮೇಲೆ ಬಟ್ಟೆ ಇಲ್ಲದೆ. ಅದಕ್ಕೆ ಮೂರು ದಿನ ಹಿಡಿಯಲಿ, ಮೂರು ವಾರ ಹಿಡಿಯಲಿ.

ಡೈಪರ್ ತೆಗೆಯುವ ದಿನ

ಮನೆಯಲ್ಲಿ ಒಬ್ಬರು ಪೂರ್ತಿ ಬಿಡುವಾಗಿರುವ ಮೂರು ನಾಲ್ಕು ದಿನಗಳನ್ನು ಆರಿಸಿ. ಶನಿವಾರ, ಭಾನುವಾರಕ್ಕೆ ರಜೆಯೊಂದು ಕೂಡಿದರೆ ಸರಿಯಾಗುತ್ತದೆ. ಹಗಲು ಹತ್ತಿ ಚಡ್ಡಿ, ಮಧ್ಯಾಹ್ನದ ನಿದ್ದೆಗೂ ರಾತ್ರಿಗೂ ಡೈಪರ್.

ಕೂರಿಸುವ ಹೊತ್ತು ಮುಖ್ಯ. ಊಟ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಎಚ್ಚೆತ್ತು ಚಲಿಸತೊಡಗುತ್ತದೆ. ಹಾಗಾಗಿ ತಿಂಡಿ, ಊಟವಾದ 15ರಿಂದ 30 ನಿಮಿಷದೊಳಗೆ ಕೂರಿಸಿದರೆ ಕಕ್ಕ ಬರುವ ಸಂಭವ ಹೆಚ್ಚು. ಜೊತೆಗೆ ಎದ್ದ ಕೂಡಲೇ, ಸ್ನಾನಕ್ಕೆ ಮೊದಲು, ಹೊರಗೆ ಹೊರಡುವ ಮೊದಲು. ಒಂದು ಸಲಕ್ಕೆ ಐದು ನಿಮಿಷ ದಾಟಬಾರದು. “ಬಂದರೆ ಬರಲಿ, ಇಲ್ಲದಿದ್ದರೆ ಆಮೇಲೆ ನೋಡೋಣ” ಎಂದು ಎಬ್ಬಿಸಿಬಿಡಿ. ಮೊಬೈಲ್ ಕೈಗೆ ಕೊಟ್ಟು ಅರ್ಧ ಗಂಟೆ ಕೂರಿಸುವುದರಿಂದ ಮಗು ತನ್ನ ಹೊಟ್ಟೆಯ ಸೂಚನೆಯನ್ನು ಕೇಳುವುದನ್ನೇ ಬಿಡುತ್ತದೆ. ಅದರ ಬದಲು ಊದುವ ಆಟ ಆಡಿಸಿ, ಸೋಪಿನ ಗುಳ್ಳೆ, ಪೀಪಿ, ಕಾಗದದ ಗಿರಗಿಟ್ಟಲೆ. ಊದುವಾಗ ಹೊಟ್ಟೆಯ ಸ್ನಾಯು ತಾನಾಗಿ ಒತ್ತುತ್ತದೆ, ಕೆಳಗಿನದು ಸಡಿಲಾಗುತ್ತದೆ.

“ಬರುತ್ತಿದೆಯಾ? ಈಗ ಬರುತ್ತಿದೆಯಾ?” ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳಬೇಡಿ. ಒಲ್ಲೆನೆನ್ನುವ ಮಗುವಿಗೆ ಪ್ರಶ್ನೆ ಕೇಳಿದರೆ ಉತ್ತರ ‘ಇಲ್ಲ’ ಎಂದೇ ಇರುತ್ತದೆ. “ತಿಂಡಿ ಆಯಿತು, ಪಾಟಿಯ ಹೊತ್ತು” ಎಂದು ಹಲ್ಲುಜ್ಜುವ ಹೊತ್ತನ್ನು ಹೇಳಿದಷ್ಟೇ ಸಾದಾ ದನಿಯಲ್ಲಿ ಹೇಳಿ. ಆಯ್ಕೆ ಬೇರೆಡೆ ಕೊಡಿ: ಕೆಂಪು ಚಡ್ಡಿಯೋ ನೀಲಿಯೋ, ನಡೆದು ಹೋಗುವುದೋ ಕಪ್ಪೆಯಂತೆ ಕುಪ್ಪಳಿಸುವುದೋ.

ಜಾರಿದಾಗ ಮುಖ ಸಿಂಡರಿಸಬೇಡಿ. “ಒದ್ದೆಯಾಯಿತು. ಸುಸ್ಸು ಪಾಟಿಗೆ. ಬಾ, ಚಡ್ಡಿ ಬದಲಿಸೋಣ.” ಇಷ್ಟೇ. ಒದ್ದೆ ಚಡ್ಡಿಯನ್ನು ಬಕೆಟ್ಟಿಗೆ ಹಾಕುವ ಕೆಲಸ ಮಗುವಿಗೇ ಕೊಡಬಹುದು, ಶಿಕ್ಷೆಯಂತಲ್ಲ, ಸಹಾಯದಂತೆ. ಮೆಚ್ಚುಗೆಯೂ ಹಿತಮಿತವಾಗಿರಲಿ. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಕುಣಿದರೆ ಕೆಲವು ಮಕ್ಕಳಿಗೆ ಅದೇ ಭಾರವಾಗುತ್ತದೆ, ನಾಳೆ ಬಾರದಿದ್ದರೆ ಎಂಬ ಅಳುಕು ಹತ್ತುತ್ತದೆ. ಕುಳಿತದ್ದಕ್ಕೇ ಒಂದು ಸ್ಟಿಕ್ಕರ್ ಕೊಡಿ, ಬಂದದ್ದಕ್ಕೆ ಬೇರೆ ಬಹುಮಾನ ಬೇಡ. ಕೂರುವುದು ಮಗುವಿನ ಕೈಯಲ್ಲಿದೆ, ಬರುವುದು ಪೂರ್ತಿ ಅದರ ಕೈಯಲ್ಲಿಲ್ಲ.

ಹುಡುಗರೂ ಮೊದಲು ಕುಳಿತೇ ಕಲಿಯಲಿ, ನಿಲ್ಲುವುದು ಆಮೇಲೆ. ಹೆಣ್ಣುಮಕ್ಕಳನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಕ್ರಿಮಿಗಳು ಮೂತ್ರನಾಳಕ್ಕೆ ಸೇರಿ ಸೋಂಕಾಗುತ್ತದೆ. ಪ್ರತಿ ಸಲ ಸೋಪಿನಿಂದ ಕೈ ತೊಳೆಯುವುದು ಮೊದಲ ದಿನದಿಂದಲೇ ಇರಲಿ.

ಸುಸ್ಸು ಪಾಟಿಗೆ, ಕಕ್ಕ ಮಾತ್ರ ಡೈಪರಿಗೇ

ಇದು ಬಹಳ ಸಾಮಾನ್ಯ. ಸುಸ್ಸು ಸಲೀಸಾಗಿ ಮಾಡುವ ಮಗು ಕಕ್ಕ ಬಂದಾಗ ಡೈಪರ್ ಕೇಳುತ್ತದೆ. ಕೊಡಲೇಬೇಕೆ? ಕೊಡಿ. ಡೈಪರ್ ಕೊಡದಿದ್ದರೆ ತಡೆದು ಹಿಡಿಯುತ್ತದೆ, ಆಗ ಮೇಲೆ ಹೇಳಿದ ನೋವಿನ ಸುಳಿಗೆ ನೀವೇ ತಳ್ಳಿದಂತಾಗುತ್ತದೆ. ಕಕ್ಕ ಹೋಗುವುದು ಮೊದಲು, ಎಲ್ಲಿ ಎಂಬುದು ಆಮೇಲೆ.

ಡೈಪರ್ ಹಾಕಿ, ಆದರೆ ಜಾಗವನ್ನು ಸರಿಸುತ್ತಾ ಬನ್ನಿ. ಪರದೆಯ ಹಿಂದೆ ಮಾಡುತ್ತಿದ್ದರೆ ಕೆಲವು ದಿನ ಬಾತ್‌ರೂಮಿನ ಬಾಗಿಲ ಬಳಿ, ಆಮೇಲೆ ಒಳಗೆ ನಿಂತು. ಅದು ರೂಢಿಯಾದ ಮೇಲೆ ಡೈಪರ್ ಹಾಕಿಯೇ ಪಾಟಿಯ ಮೇಲೆ ಕುಳಿತು. ಅಲ್ಲಿಗೆ ಬಂದರೆ ಕಷ್ಟದ ಭಾಗ ಮುಗಿದಂತೆ. ಮುಂದೆ ಡೈಪರಿನ ಪಟ್ಟಿ ಸಡಿಲ ಮಾಡಿ, ಬಳಿಕ ಪಟ್ಟಿ ಬಿಚ್ಚಿ ಡೈಪರನ್ನು ಪಾಟಿಯ ಒಳಗೆ ಹಾಸಿ ಅದರ ಮೇಲೆ ಕೂರಿಸಿ. ಕೊನೆಗೆ ಡೈಪರಿನ ಬದಲು ಒಂದು ಕಾಗದ, ಆಮೇಲೆ ಅದೂ ಇಲ್ಲ. ಒಂದೊಂದು ಮೆಟ್ಟಿಲಲ್ಲೂ ಮಗು ಎರಡು ಮೂರು ಸಲ ನಿರಾತಂಕವಾಗಿ ಮಾಡಿದ ಮೇಲೆಯೇ ಮುಂದಿನದು. ಒಂದರಲ್ಲಿ ಎಡವಿದರೆ ಹಿಂದಿನದಕ್ಕೆ ಮರಳಿ. ಆ ಕಪಾಟಿನ ಸಂದಿಯ ಹುಡುಗ ಮೊದಲು ಔಷಧದಿಂದ ಮಲ ಮೆತ್ತಗಾಗಿ, ಬಳಿಕ ಈ ದಾರಿಯಲ್ಲೇ ಬಂದ. ಡೈಪರ್ ಹಾಕಿ ಕೂರುವ ಮೆಟ್ಟಿಲಲ್ಲಿ ಬಹಳ ದಿನ ನಿಂತಿದ್ದ. ಅಲ್ಲಿ ಅವಸರ ಮಾಡದೆ ಕಾದ ಅವನ ತಾಯಿಯ ತಾಳ್ಮೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ದಿನವೂ ಜಗಳವಾಗುತ್ತಿದ್ದರೆ

ಮಗು ಪಾಟಿಯ ಹೆಸರೆತ್ತಿದರೆ ಓಡುತ್ತದೆ, ನೀವು ಏದುಸಿರು ಬಿಡುತ್ತೀರಿ, ವಾರ ಎರಡಾದರೂ ಒಂದಿಂಚೂ ಮುಂದೆ ಹೋಗಿಲ್ಲ. ನಿಲ್ಲಿಸಿಬಿಡಿ. ಇದು ಸೋಲಲ್ಲ. ಡೈಪರ್ ಮತ್ತೆ ಹಾಕಿ, “ನಿನಗೆ ಬೇಕೆನಿಸಿದಾಗ ಪಾಟಿ ಇಲ್ಲೇ ಇರುತ್ತದೆ” ಎಂದು ಒಂದೇ ಸಲ ಹೇಳಿ, ಒಂದೆರಡು ತಿಂಗಳು ಆ ಸುದ್ದಿಯನ್ನೇ ಬಿಡಿ. ಮಲ ಮೆತ್ತಗಿಡುವ ಊಟ, ಔಷಧ ಮಾತ್ರ ಮುಂದುವರಿಯಲಿ. ತಿನ್ನುವುದು, ಮಲಗುವುದು, ಮಲಮೂತ್ರ ಬಿಡುವುದು, ಈ ಮೂರರಲ್ಲಿ ಮಗುವಿನ ಮೈ ಅದರದ್ದೇ. ಬಲವಂತ ಅಲ್ಲಿ ಎಂದೂ ಗೆಲ್ಲುವುದಿಲ್ಲ. ನಾವು ಹಗ್ಗ ಬಿಟ್ಟರೆ ಜಗ್ಗುವುದಕ್ಕೆ ಅದಕ್ಕೂ ಏನೂ ಉಳಿಯುವುದಿಲ್ಲ.

ಕಲಿತ ಮಗು ಮತ್ತೆ ಒದ್ದೆ ಮಾಡತೊಡಗಿದರೂ ಇದೇ ಸಮಾಧಾನ ಬೇಕು. ಹೊಸ ಶಾಲೆ, ಕಾಯಿಲೆ, ಮನೆಗೆ ಬಂದ ಪುಟ್ಟ ಪಾಪು, ಕಾರಣ ಏನಾದರೂ ಇರುತ್ತದೆ. ಮಾತು ತಡವಾದ, ಆಟಿಸಂ ಇರುವ ಮಕ್ಕಳ ಲೆಕ್ಕವೇ ಬೇರೆ. ಚಿತ್ರದ ಕಾರ್ಡುಗಳ ನೆರವಿನಿಂದ ಅವರದೇ ವೇಗದಲ್ಲಿ, ಅವರ ಚಿಕಿತ್ಸಕರೊಂದಿಗೆ ಮಾತನಾಡಿ ಮಾಡಿ.

ಲೋಕಲ್, ಊರಿನ ರೈಲು, ಊರಿನ ಮನೆ

ಲೋಕಲ್ ರೈಲಿನ ಡಬ್ಬಿಗಳಲ್ಲಿ ಶೌಚಾಲಯವಿಲ್ಲ. ಡೊಂಬಿವಲಿಯಿಂದ ಮಾಟುಂಗಕ್ಕೆ ಮದುವೆಗೆ ಹೊರಟರೆ ಮನೆ ಬಿಡುವ ಮುನ್ನ ಒಮ್ಮೆ, ಇಳಿದ ಕೂಡಲೇ ಇನ್ನೊಮ್ಮೆ ಎಂದಿಟ್ಟುಕೊಳ್ಳಿ. ಚೀಲದಲ್ಲಿ ಎರಡು ಚಡ್ಡಿ, ಒಂದು ಟವೆಲ್, ನೀರಿನ ಬಾಟಲಿ, ಒದ್ದೆ ಬಟ್ಟೆಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ. ಮೊದಲ ತಿಂಗಳು ದೂರದ ಪ್ರಯಾಣಕ್ಕೆ ಡೈಪರ್ ಹಾಕಿದರೆ ಕಲಿತದ್ದು ಕೊಚ್ಚಿಹೋಗುವುದಿಲ್ಲ. “ಇದು ರೈಲಿನ ಚಡ್ಡಿ, ಇಳಿದ ಮೇಲೆ ಬಿಚ್ಚುತ್ತೇವೆ” ಎಂದರೆ ಮಗುವಿಗೆ ಅರ್ಥವಾಗುತ್ತದೆ.

ಊರಿಗೆ ಹೋಗುವ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲೋ ರಾತ್ರಿಯಿಡೀ ಪ್ರಯಾಣ ಎಂದಾದರೆ ಸಣ್ಣ ಪಾಟಿಯನ್ನೇ ಜೊತೆಗೆ ಒಯ್ಯಿರಿ. ಅಲುಗಾಡುವ, ಸದ್ದು ಮಾಡುವ ರೈಲಿನ ಶೌಚಾಲಯಕ್ಕೆ ದೊಡ್ಡವರೇ ಅಂಜುತ್ತೇವೆ. ಊರಿನಲ್ಲಿ ಭಾರತೀಯ ಶೈಲಿಯ ಶೌಚಾಲಯವೇ ಇರುವುದಾದರೆ ಹೊರಡುವ ಮೊದಲೇ ಕುಕ್ಕುರುಗಾಲಿನಲ್ಲಿ ಕೂರುವುದನ್ನು ಆಟವಾಗಿ ರೂಢಿ ಮಾಡಿಸಿ. ಕರುಳಿಗೆ ಆ ಭಂಗಿಯೇ ಒಳ್ಳೆಯದು. ಹೆದರಿಕೆ ಇರುವುದು ನಡುವಿನ ಗುಂಡಿಗೆ. ಮೊದಮೊದಲು ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಹಿಡಿದುಕೊಳ್ಳಿ.

ರಾತ್ರಿಯ ಮಾತು ಬೇರೆ

ಹಗಲು ಒಣಗಿರುವುದು ಕಲಿಕೆ, ರಾತ್ರಿ ಒಣಗಿರುವುದು ಬೆಳವಣಿಗೆ. ನಿದ್ದೆಯಲ್ಲಿ ಮೂತ್ರ ಕಡಿಮೆ ತಯಾರಾಗುವುದು, ತುಂಬಿದಾಗ ಎಚ್ಚರವಾಗುವುದು ಮೈ ಬೆಳೆದಂತೆ ಬರುವಂಥವು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ಸಮಸ್ಯೆ ಎಂದೇ ಎಣಿಸುವುದಿಲ್ಲ. ತಂದೆಗೋ ತಾಯಿಗೋ ಚಿಕ್ಕಂದಿನಲ್ಲಿ ಹಾಗಿದ್ದರೆ ಮಗುವಿಗೂ ತಡವಾಗಬಹುದು. ಮಲಗುವ ಮುನ್ನ ಪಾಟಿ, ಹಾಸಿಗೆಯ ಮೇಲೆ ರಬ್ಬರ್ ಶೀಟು, ಇಷ್ಟು ಸಾಕು. ಹಲವು ದಿನ ಬೆಳಗ್ಗೆ ಡೈಪರ್ ಒಣಗಿದ್ದರೆ ಆಗ ಬಿಡಿಸಿ.

ವೈದ್ಯರಿಗೆ ತೋರಿಸಬೇಕಾದದ್ದು

ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರ, ವಾಂತಿ. ಸುಸ್ಸು ಮಾಡುವಾಗ ಅಳು, ಅದರೊಂದಿಗೆ ಜ್ವರ. ಹಗಲೂ ರಾತ್ರಿ ಹನಿಹನಿಯಾಗಿ ಸೋರುವುದು, ಗಂಡುಮಗುವಿನ ಧಾರೆ ತೆಳ್ಳಗಿರುವುದು. ಇದ್ದಕ್ಕಿದ್ದಂತೆ ಬಾಯಾರಿಕೆ ಹೆಚ್ಚಿ, ಮೂತ್ರವೂ ಹೆಚ್ಚಿ ತೂಕ ಇಳಿಯುತ್ತಿದ್ದರೆ ಅದೇ ದಿನ ತೋರಿಸಿ, ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಹುಟ್ಟಿದಾಗಿನಿಂದಲೇ ಮಲಬದ್ಧತೆ, ಕಾಲುಗಳಲ್ಲಿ ಬಲ ಕಡಿಮೆ, ನಾಲ್ಕು ತುಂಬಿದರೂ ಹಗಲಿನ ಹಿಡಿತವಿಲ್ಲ, ಇವನ್ನೂ ಮುಂದೂಡಬೇಡಿ.

ಜೂನ್ ಬಂತು, ಇನ್ನೂ ಪೂರ್ತಿಯಾಗಿಲ್ಲ

ಶಾಲೆಯವರ ಬಳಿ ಮುಚ್ಚಿಡಬೇಡಿ. ಮೊದಲ ದಿನಕ್ಕೆ ಮುಂಚೆಯೇ ಹೋಗಿ ಮಾತನಾಡಿ, ಅಲ್ಲಿನ ಶೌಚಾಲಯವನ್ನು ಮಗುವಿಗೆ ತೋರಿಸಿ, ಒಮ್ಮೆ ಕೂರಿಸಿ ಬನ್ನಿ. ಒಂದು ಚೀಟಿಯಲ್ಲಿ ಮಗು ಬಳಸುವ ಮಾತು, ಸಾಮಾನ್ಯವಾಗಿ ಹೋಗುವ ಹೊತ್ತು, ತಡೆದು ಹಿಡಿಯುವಾಗ ಹೇಗೆ ನಿಲ್ಲುತ್ತದೆ ಎಂಬುದು, ಔಷಧ ನಡೆಯುತ್ತಿದ್ದರೆ ಅದೂ, ಎಲ್ಲ ಬರೆದು ಟೀಚರಿಗೂ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವ ಮೌಶಿಗೂ (ಆಯಾ) ಕೊಡಿ. ಗುಂಡಿ, ಬೆಲ್ಟು, ಜಿಪ್ ಇಲ್ಲದ ಇಲಾಸ್ಟಿಕ್ ಚಡ್ಡಿ ಹಾಕಿ ಕಳುಹಿಸಿ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ, ಮಳೆಗಾಲವಾದ್ದರಿಂದ ಇನ್ನೊಂದು ಜೊತೆ ಸಾಕ್ಸ್. ಡೈಪರ್ ಬಿಡದೆ ಸೇರಿಸಿಕೊಳ್ಳುವುದೇ ಇಲ್ಲವೆಂದರೆ ಒಂದು ತಿಂಗಳು ತಡವಾಗಿ ಸೇರಿಸಬಹುದೇ ಎಂದು ಕೇಳಿ. ಎಷ್ಟೋ ಕಡೆ ಒಪ್ಪುತ್ತಾರೆ.